ಗಾದಿಯ ಕಲೆ ತೆಗೆಯಲು ಹೆಚ್ಚು ನೀರು ಬೇಡ: ನನ್ನ ಅನುಭವ

ಹಾಸಿಗೆ ಹಿಡಿದಿರುವ ನಮ್ಮ ಅತ್ತೆಯವರ ಆರೈಕೆ ನನ್ನ ಪಾಲಿಗೆ ಬಂದ ಮೇಲೆ, ಕಲಬುರಗಿಯ ನಮ್ಮ ಮನೆಯಲ್ಲಿ ಗಾದಿಯನ್ನು ಶುಚಿಯಾಗಿಡುವುದು ನಿತ್ಯದ ಕೆಲಸವಾಗಿದೆ. ಬಟ್ಟೆಯಾದರೆ ಹಿಂಡಬಹುದು, ಗಾದಿಯನ್ನು ಹಿಂಡಲು ಬರುವುದಿಲ್ಲ. ಒಳಗಿಳಿದ ನೀರು ಅಲ್ಲಿಯೇ ಉಳಿದು ಬೂಸ್ಟು ಹಿಡಿಸುತ್ತದೆ. ಅದಲ್ಲದೆ, ಒದ್ದೆಯಾದ ಜಾಗ ಒಣಗುವಾಗ ನೀರು ಅಂಚಿನ ಕಡೆಗೆ ಸರಿಯುತ್ತ ತನ್ನಲ್ಲಿ ಕರಗಿದ ಕೊಳೆಯನ್ನೂ ಒಯ್ದು ಅಲ್ಲಿ ಬಿಡುತ್ತದೆ. ಕಲೆಯ ಸುತ್ತ ಕಂದು ಗೆರೆ ಮೂಡುವುದು ಇದರಿಂದಲೇ. ನಮ್ಮ ಬೋರ್‌ವೆಲ್ ನೀರು ಗಡುಸು. ಅದರಲ್ಲಿ ಸಾಬೂನು ನೊರೆಯಾಗದೆ ಜಿಡ್ಡಿನಂತೆ ಅಂಟಿ ಉಳಿಯುತ್ತದೆ. ಆದ್ದರಿಂದ ಈ ಕೆಲಸಕ್ಕೆ ಕುಡಿಯುವ ಫಿಲ್ಟರ್ ನೀರನ್ನೇ, ಅದನ್ನೂ ಒಂದು ಬಟ್ಟಲಿನಷ್ಟು ಮಾತ್ರ, ತೆಗೆದುಕೊಳ್ಳುತ್ತೇನೆ.

ಮೂತ್ರದಿಂದ ಹಸಿಯಾದ ಕೂಡಲೇ ಹಳೆಯ ಧೋತರವನ್ನು ಮಡಚಿ, ಮೈಭಾರವನ್ನೆಲ್ಲ ಹಾಕಿ ಒತ್ತುತ್ತೇನೆ, ಉಜ್ಜುವುದಿಲ್ಲ. ಬಟ್ಟೆಗೆ ಪಸೆ ಹತ್ತದಷ್ಟಾದ ಮೇಲೆ, ಬಿಳಿ ವಿನೆಗರ್ ಮತ್ತು ನೀರನ್ನು ಸಮನಾಗಿ ಬೆರೆಸಿ, ಕಲೆಯ ಹೊರ ಅಂಚಿನಿಂದ ನಡುವಿನ ಕಡೆಗೆ ಹಗುರವಾಗಿ ಸಿಂಪಡಿಸಿ ಮತ್ತೆ ಒತ್ತಿ ತೆಗೆಯುತ್ತೇನೆ. ಅಮೋನಿಯಾದ ಘಾಟು ಇದರಿಂದ ಅಡಗುತ್ತದೆ. ಅಡುಗೆ ಸೋಡಾವನ್ನು ಉದುರಿಸುವುದು ಆ ಜಾಗ ಬಹುಮಟ್ಟಿಗೆ ಆರಿದ ಮೇಲೆಯೇ. ವಿನೆಗರ್ ಮತ್ತು ಸೋಡಾವನ್ನು ಒಟ್ಟಿಗೆ ಸುರಿದರೆ ನೊರೆಯೇನೋ ಚೆನ್ನಾಗಿ ಬರುತ್ತದೆ, ಆದರೆ ಆಮ್ಲ ಮತ್ತು ಕ್ಷಾರ ಒಂದನ್ನೊಂದು ಕೊಂದುಕೊಂಡು ಎರಡರ ಗುಣವೂ ಹೋಗುತ್ತದೆ. ರಾತ್ರಿಯಿಡೀ ಬಿಟ್ಟ ಸೋಡಾವನ್ನು ಬೆಳಿಗ್ಗೆ ಬ್ರಷ್‌ನಿಂದ ಝಾಡಿಸಿ ತೆಗೆಯಬೇಕು.

ಹಳೆಯ ಹಳದಿ ಕಲೆಗೆ ಔಷಧ ಅಂಗಡಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ಉಪಯೋಗಕ್ಕೆ ಬರುತ್ತದೆ. ಬಾಟಲಿಯ ಮೇಲೆ 20 ವಾಲ್ಯೂಮ್ ಎಂದಿದ್ದರೆ ಅದು ಸುಮಾರು 6 ಶೇಕಡಾ ದ್ರಾವಣ. ಅಷ್ಟೇ ನೀರು ಬೆರೆಸಿ 3 ಶೇಕಡಾಕ್ಕೆ ಇಳಿಸಿ, ಪಾತ್ರೆ ತೊಳೆಯುವ ಸಾಬೂನಿನ ಒಂದೆರಡು ಹನಿ ಸೇರಿಸಿ ಆಗಲೇ ಬಳಸಬೇಕು. ಅದು ಬಣ್ಣವನ್ನೂ ತಿನ್ನುವುದರಿಂದ ಮೊದಲು ಮೂಲೆಯಲ್ಲಿ ಪರೀಕ್ಷಿಸುವುದು ಒಳ್ಳೆಯದು. ರಕ್ತದ ಕಲೆಗೂ ಇದೇ ಮದ್ದು. ಆದರೆ ಬಿಸಿನೀರನ್ನು ಮಾತ್ರ ತಾಗಿಸಬಾರದು, ರಕ್ತದ ಪ್ರೋಟೀನು ಹೆಪ್ಪುಗಟ್ಟಿ ನೂಲಿಗೆ ಕಚ್ಚಿಕೊಳ್ಳುತ್ತದೆ. ಕಲೆ ಹೋದರೂ ವಾಸನೆ ಉಳಿದಿದ್ದರೆ, ನೀರಿಗೆ ಸುಲಭವಾಗಿ ಕರಗದ ಯೂರಿಕ್ ಆಮ್ಲದ ಹರಳುಗಳು ಒಳಗಿವೆ ಎಂದರ್ಥ. ಅವುಗಳಿಗೆ ಕಿಣ್ವವಿರುವ ಕ್ಲೀನರ್ ಬೇಕು, ಮತ್ತು ಅದು ಕೆಲಸ ಮಾಡಲು ಆ ಜಾಗ ಕೆಲವು ಗಂಟೆ ಹಸಿಯಾಗಿಯೇ ಇರಬೇಕು. ಬ್ಲೀಚಿಂಗ್ ಪೌಡರನ್ನು ಮೂತ್ರದ ಕಲೆಯ ಮೇಲಾಗಲಿ ವಿನೆಗರ್ ಜೊತೆಗಾಗಲಿ ದಯವಿಟ್ಟು ಯಾರೂ ಹಾಕಬೇಡಿರಿ. ಹೊರಡುವ ವಿಷಾನಿಲ ಶ್ವಾಸಕೋಶವನ್ನು ಸುಡುತ್ತದೆ, ರೋಗಿಯಿರುವ ಕೋಣೆಯಲ್ಲಂತೂ ಇದು ಬಹಳ ಅಪಾಯ. ಅರಿಸಿನದ ಕಲೆ ಬಿಸಿಲಿಗೆ ತಾನೇ ಮಾಸುತ್ತದೆ.

ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲು ಹತ್ತಿ ಗಾದಿಗೆ ವರವೇ ಸರಿ. ಅದು ಬಹಳ ಕೆಟ್ಟಿದ್ದರೆ ಹೊಲಿಗೆ ಬಿಚ್ಚಿ, ಗಲೀಫು ಒಗೆದು, ಹತ್ತಿಯನ್ನು ಒಣಗಿಸಿ ಮತ್ತೆ ಹಿಂಜಿಸಬಹುದು. ಈ ಅನುಕೂಲಕ್ಕಾಗಿಯೇ ನಾನು ಈಗಲೂ ಹತ್ತಿ ಗಾದಿಯ ಪಕ್ಷ. ಫೋಮ್ ಗಾದಿ ನೇರ ಬಿಸಿಲಿಗೆ ಹಳದಿಯಾಗಿ ಪುಡಿಯಾಗುವುದರಿಂದ, ಅದನ್ನು ನೆರಳಿನಲ್ಲಿ ಗೋಡೆಗೆ ಒರಗಿಸಿ ಫ್ಯಾನಿನ ಗಾಳಿಗೆ ಇಡಬೇಕು.

ರಕ್ಷಣೆಗೆ ಮೊದಲು ರೆಕ್ಸಿನ್ ಹಾಸುತ್ತಿದ್ದೆವು. ಬೇಸಿಗೆಯಲ್ಲಿ ಅದರ ಮೇಲೆ ಬೆನ್ನು ಬೆವರಿ ತೊಯ್ಯುತ್ತದೆ. ಈಗ ಹಾಕಿರುವುದು ಮೇಲೆ ಹತ್ತಿ ಬಟ್ಟೆ, ಕೆಳಗೆ ತೆಳುವಾದ ಪಾಲಿಯುರೆಥೇನ್ ಪದರವಿರುವ, ನಾಲ್ಕೂ ಮೂಲೆಗೆ ಬಿಗಿಯಾಗಿ ಕೂರುವ ಕವರ್. ಅದರ ಮೇಲೆ ಹೀರಿಕೊಳ್ಳಲು ಕೌದಿ ಹಾಸಬಹುದು, ಆದರೆ ಮಲಗಿಯೇ ಇರುವವರಿಗೆ ಅದರ ಹೊಲಿಗೆ ಒತ್ತುತ್ತದೆ; ಸುಕ್ಕಿಲ್ಲದಂತೆ ಮಡಚಿ ಹಾಸಿದ ಹಳೆಯ ಧೋತರವೇ ಮೆತ್ತಗೆ. ಸುಕ್ಕು ಮತ್ತು ಹಸಿ ಎರಡೂ ಬೆನ್ನಿನ ಹುಣ್ಣಿಗೆ ದಾರಿ ಮಾಡಿಕೊಡುತ್ತವೆ. ಕವರನ್ನು ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಬೇಕು. ಇಸ್ತ್ರಿ ಮಾಡಿದರೆ ಪದರ ಬಿಡುತ್ತದೆ. ಆಗಾಗ ಅದರ ಮೇಲೆ ಒಂದು ಲೋಟ ನೀರು ಸುರಿದು, ಕೆಳಗೆ ಇಟ್ಟ ಕಾಗದ ತೊಯ್ದಿದೆಯೇ ಎಂದು ನೋಡುತ್ತೇನೆ. ತೊಯ್ದಿದ್ದರೆ ಆ ಕವರಿನ ಆಯಸ್ಸು ಮುಗಿಯಿತೆಂದು ಹೊಸದನ್ನು ತರಿಸುತ್ತೇನೆ.