ತಪಾಸಣೆ ಪುಕ್ಕಟೆ, ಆಟೋ ಬಾಡಿಗೆ ಯಾರದು?

ಸರ್ಕಾರಿ ಶಾಲೆಯಲ್ಲಿ ಮಕ್ಕಳ ಆರೋಗ್ಯಕ್ಕೆ ದುಡ್ಡಿಲ್ಲ ಅನ್ನುವುದು ಅರ್ಧ ನಿಜ. ಡಾಕ್ಟರು, ಮಾತ್ರೆ, ಕನ್ನಡಕ, ಆಪರೇಷನ್ ಎಲ್ಲಕ್ಕೂ ಯೋಜನೆಗಳಿವೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ತಪಾಸಣೆಗೆ ಬರುತ್ತದೆ. ದುಡ್ಡಿಲ್ಲದಿರುವುದು ನಡುವಿನ ಜಾಗದಲ್ಲಿ. ಡಾಕ್ಟರು ಚೀಟಿ ಬರೆದುಕೊಟ್ಟ ಮೇಲೆ ಮಗು ತಾಲ್ಲೂಕು ಆಸ್ಪತ್ರೆ ಮುಟ್ಟುವವರೆಗಿನ ಖರ್ಚಿಗೆ ಶಾಲೆಗೆ ಬರುವ ಯಾವ ಅನುದಾನದಲ್ಲೂ ಶೀರ್ಷಿಕೆ ಇಲ್ಲ. 148 ಮಕ್ಕಳ ನಮ್ಮ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆ ಜಾಗ ತುಂಬಲು ಮಾಡಿಕೊಂಡ ಏರ್ಪಾಡು ಇದು.

ಮೊದಲು ಲೆಕ್ಕ. ಕೈತೊಳೆಯುವ ಆರು ನಲ್ಲಿ, ನಲ್ಲಿಗೆ ವಾರಕ್ಕೊಂದು ಸಾಬೂನು, 40 ವಾರ: 240 ಸಾಬೂನು, ಹತ್ತು ರೂಪಾಯಿಯಂತೆ 2,400. ಪ್ರಥಮ ಚಿಕಿತ್ಸೆ ಪೆಟ್ಟಿಗೆ ತುಂಬಿಸಲು 3,000. ರಿಜಿಸ್ಟರು, ಜೆರಾಕ್ಸು 600. ಇನ್ನು ಆಸ್ಪತ್ರೆ ಓಡಾಟ. ಚೀಟಿ ಸಿಕ್ಕ 20 ಮಕ್ಕಳಿಗೆ ತಲಾ ಎರಡು ಸಲ ಅಂದರೆ 40 ಓಡಾಟ. ಮಗುವಿನ ಜೊತೆ ಹೋಗುವವರು ಆ ದಿನದ ಕೂಲಿ ಬಿಡಬೇಕು. ನರೇಗಾ ಕೂಲಿಯೇ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಶಕ್ತಿ ಯೋಜನೆ ಬಂದ ಮೇಲೆ ತಾಯಿಗೂ ಹೆಣ್ಣುಮಗುವಿಗೂ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ, ಸರಿ. ಆದರೆ ಊರಿಂದ ಮೇನ್ ರೋಡಿಗೆ ಆಟೋ, ಮಧ್ಯಾಹ್ನದ ಊಟ, ಗಂಡುಮಗುವಾದರೆ ಅರ್ಧ ಟಿಕೆಟ್ ಇದ್ದೇ ಇದೆ. ಅದಕ್ಕೆ 130 ಇಟ್ಟರೆ ಓಡಾಟಕ್ಕೆ 500, ನಲವತ್ತಕ್ಕೆ 20,000. ಎಲ್ಲ ಸೇರಿ 26,000. ಮುಕ್ಕಾಲು ಪಾಲಿಗಿಂತ ಹೆಚ್ಚು ಓಡಾಟಕ್ಕೇ ಹೋಗುತ್ತದೆ. ದಾನಿಗಳ ಮುಂದೆ ಈ ಹಾಳೆ ಇಟ್ಟಾಗ ಎಲ್ಲರ ಬೆರಳು ಮೊದಲು ಹೋಗುವುದು ಈ ಸಾಲಿಗೇ. ಕತ್ತರಿಸಬೇಡಿ ಅಂತ ವಾದ ಮಾಡಬೇಕಾದ ಸಾಲೂ ಇದೊಂದೇ.

ಯಾವ ದುಡ್ಡು ಯಾವುದಕ್ಕೆ ಆಗುತ್ತದೆ ಅನ್ನುವುದು ಗೊತ್ತಿರಬೇಕು. ಸಮಗ್ರ ಶಿಕ್ಷಣದ ಶಾಲಾ ಅನುದಾನ ಮಕ್ಕಳ ಸಂಖ್ಯೆ ಮೇಲೆ: 100 ದಾಟಿ 250ರವರೆಗೆ ಇದ್ದರೆ 50,000 ರೂಪಾಯಿ. ಅದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ ಬಳಸಲೇಬೇಕು, ಅಂದರೆ ನಮಗೆ 5,000. ಸಾಬೂನು, ಫಿನಾಯಿಲ್, ಪೊರಕೆ ಅದರಲ್ಲಿ ಮುಗಿಯುತ್ತವೆ. ಪ್ರಥಮ ಚಿಕಿತ್ಸೆ ಪೆಟ್ಟಿಗೆಯೂ ಇದೇ ಅನುದಾನದಲ್ಲಿ. ಈ ಹಣ ಕಂತಿನಲ್ಲಿ, ತಡವಾಗಿ ಬರುತ್ತದೆ, ಮಾರ್ಚ್ 31ರೊಳಗೆ ಖರ್ಚಾಗದಿದ್ದರೆ ವಾಪಸ್ ಹೋಗುತ್ತದೆ. ಹಾಗಾಗಿ ಬೇಕಾದ ಸಾಮಾನಿನ ಪಟ್ಟಿ, ಕೊಟೇಶನ್, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಡಾವಳಿ ಮೂರನ್ನೂ ಡಿಸೆಂಬರಿನಲ್ಲೇ ಸಿದ್ಧ ಮಾಡಿಟ್ಟುಕೊಳ್ಳುತ್ತೇವೆ. ಮಾರ್ಚಿನ ಕೊನೆ ವಾರದಲ್ಲಿ ಗಡಿಬಿಡಿಯಿಂದ ಕೊಂಡರೆ ಅಂಗಡಿಯವನ ಹತ್ತಿರ ಉಳಿದ, ಅವಧಿ ಮುಗಿಯಲು ಎರಡು ತಿಂಗಳಿರುವ ಮಾಲೇ ನಮಗೆ ಬರುವುದು.

ನಲ್ಲಿ, ಶೌಚಾಲಯಕ್ಕೆ ನೀರು, ಕೈತೊಳೆಯುವ ತೊಟ್ಟಿ ಇವು ಪಂಚಾಯ್ತಿ ಪಾಲಿನವು. 2025-26ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ನಿರ್ಬಂಧಿತವಾಗಿತ್ತು, ಅಂದರೆ ಗೊತ್ತುಮಾಡಿದ ಕೆಲಸಕ್ಕೇ ಬಳಸಬೇಕಿತ್ತು: ಅದರಲ್ಲಿ ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಅಧ್ಯಕ್ಷರಿಗೆ ಬಾಯಲ್ಲಿ ಹೇಳಿದರೆ ಮರೆತುಹೋಗುತ್ತದೆ. ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳೇ ಕೇಳಿ, ಅದು ನಡಾವಳಿಯಲ್ಲಿ ಬರೆದು, ಆಮೇಲೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಅದರ ಪ್ರತಿ ಲಗತ್ತಿಸಿ ಪತ್ರ ಕೊಟ್ಟರೆ ಕ್ರಿಯಾಯೋಜನೆಗೆ ಸೇರುವ ಸಂಭವ ಹೆಚ್ಚು. ಕೇಳುವಾಗ ಅಳತೆ ಸಮೇತ ಕೇಳಬೇಕು. ‘ಕೈತೊಳೆಯುವ ವ್ಯವಸ್ಥೆ’ ಅಂದರೆ ಎತ್ತರದಲ್ಲೊಂದು ತೊಟ್ಟಿ ಕಟ್ಟಿ ಹೋಗುತ್ತಾರೆ, ಒಂದನೇ ತರಗತಿಯ ಮಗುವಿಗೆ ನಲ್ಲಿ ಎಟುಕುವುದಿಲ್ಲ. ಎರಡು ಎತ್ತರ ಬರೆಯಿರಿ. ಸಾಬೂನು ಮಾಯವಾಗುವ ತಾಪತ್ರಯಕ್ಕೆ ಈರುಳ್ಳಿ ಬರುವ ಬಲೆ ಚೀಲದ ತುಂಡಿನಲ್ಲಿ ಹಾಕಿ ನಲ್ಲಿಗೆ ಕಟ್ಟುವುದು ಒಳ್ಳೆಯದು. ಬಲೆಯ ಮೇಲೇ ಕೈ ಉಜ್ಜಿದರೆ ನೊರೆ ಬರುತ್ತದೆ, ಸಾಬೂನು ಕೆಸರಿಗೆ ಬೀಳುವುದಿಲ್ಲ.

ಉಳಿದ 20,000 ಊರಿನದು. ಹಾಲು ಉತ್ಪಾದಕರ ಸಂಘ, ಕೃಷಿ ಪತ್ತಿನ ಸಂಘ, ಹಳೆ ವಿದ್ಯಾರ್ಥಿಗಳು. ಸಂಘಗಳನ್ನು ವಾರ್ಷಿಕ ಮಹಾಸಭೆಗೆ ಮುಂಚೆ ಕೇಳಬೇಕು. ಲಾಭ ಹಂಚಿಕೆ ಆದ ಮೇಲೆ ಹೋದರೆ ‘ಮುಂದಿನ ವರ್ಷ ನೋಡೋಣ ಮೇಷ್ಟ್ರೇ’ ಅನ್ನುವುದು ಖಾತ್ರಿ. ದುಡ್ಡು ಎಸ್‌ಡಿಎಂಸಿ ಖಾತೆಗೇ ಬರಬೇಕು. ಮುಖ್ಯ ಶಿಕ್ಷಕರ ಫೋನ್‌ಪೇಗೆ ಐನೂರು ರೂಪಾಯಿ ಬಂದರೂ ಅದು ಒಂದು ದಿನ ಮಾತಾಗುತ್ತದೆ. ಓಡಾಟದ ಹಣ ಕೊಡುವಾಗ ವೋಚರಿನಲ್ಲಿ ದಿನಾಂಕ, ಆಸ್ಪತ್ರೆ, ತಾಯಿಯ ಸಹಿ ಇಲ್ಲವೇ ಹೆಬ್ಬೆಟ್ಟು, ಜೊತೆಗೆ ಆಸ್ಪತ್ರೆಯ ಹೊರರೋಗಿ ಚೀಟಿಯ ಜೆರಾಕ್ಸು. ಆಟೋದವರ ಹತ್ತಿರ ಬಿಲ್ ಸಿಗುವುದಿಲ್ಲ. ಅದಕ್ಕೇ ಓಡಾಟಕ್ಕೆ ಇಷ್ಟು ಅಂತ ದರ ನಿಗದಿ ಮಾಡಿ ಮೊದಲೇ ನಡಾವಳಿಯಲ್ಲಿ ಬರೆದಿಟ್ಟುಕೊಂಡಿದ್ದೇವೆ. ಅರ್ಧ ಹಣ ಹೊರಡುವ ಮುಂಚೆ, ಅರ್ಧ ಚೀಟಿ ತಂದ ಮೇಲೆ. ಪೂರ್ತಿ ಆಮೇಲೆ ಕೊಡುತ್ತೇವೆ ಅಂದರೆ ಕೈಯಲ್ಲಿ ಕಾಸಿಲ್ಲದವರು ಹೊರಡುವುದೇ ಇಲ್ಲ.

ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ) ಬಗ್ಗೆ ಎರಡು ಮಾತು. ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟು ಖರ್ಚು ಮಾಡಬೇಕು. ಶಾಲೆಗೆ ಏನು ಬೇಕು ಅಂತ ಕೇಂದ್ರದ ವಿದ್ಯಾಂಜಲಿ ಪೋರ್ಟಲಿನಲ್ಲಿ ಹಾಕಬಹುದು. ಅವರಿಗೆ ಇಷ್ಟ ಫೋಟೋಗೆ ಬರುವ ವಸ್ತು: ನೀರಿನ ಯಂತ್ರ, ಬೆಂಚು, ಬೋರ್ಡು. ನೀರಿನ ಯಂತ್ರ ತಗೊಳ್ಳುವುದಾದರೆ ಮೂರು ವರ್ಷದ ಫಿಲ್ಟರ್ ಬದಲಾವಣೆ ಮತ್ತು ಸರ್ವಿಸ್ ಸೇರಿಸಿ ಬರವಣಿಗೆಯಲ್ಲಿ ಪಡೆಯಿರಿ. ಇಲ್ಲದಿದ್ದರೆ ಎರಡನೇ ವರ್ಷಕ್ಕೆ ಅದರ ಮೇಲೆ ಹಾಜರಿ ಪುಸ್ತಕ ಇಡುತ್ತೀರಿ. ಮಕ್ಕಳ ಮುಖ, ಕಾಯಿಲೆ ಎರಡೂ ಸೇರಿದ ಫೋಟೋ ಕೊಡುವುದಿಲ್ಲ ಅಂತ ಮೊದಲೇ ಹೇಳಿಬಿಡುತ್ತೇವೆ.

ಈಗ ತಂಡ ಬರುವ ದಿನ. 148 ಮಕ್ಕಳನ್ನು ಇಬ್ಬರು ಡಾಕ್ಟರು ಆರು ಗಂಟೆಯಲ್ಲಿ ನೋಡಿದರೆ ಒಂದು ಮಗುವಿಗೆ ಐದು ನಿಮಿಷವೂ ಸಿಗುವುದಿಲ್ಲ. ಆ ಹೊತ್ತು ತೂಕ ಬರೆಯುವುದರಲ್ಲಿ ಕಳೆದುಹೋಗಬಾರದು. ಎತ್ತರ, ತೂಕ, ಕಣ್ಣು ಮೂರನ್ನೂ ಹಿಂದಿನ ವಾರವೇ ಮುಗಿಸುತ್ತೇವೆ. ತೂಕದ ಯಂತ್ರವನ್ನು ಚಪ್ಪಟೆ ಕಲ್ಲಿನ ಮೇಲಿಟ್ಟು, ಸೀಲ್ ಒಡೆಯದ 5 ಕೆ.ಜಿ. ಅಕ್ಕಿ ಚೀಲ ಇಟ್ಟು ನೋಡಬೇಕು. ಚಾಪೆ ಮೇಲಿಟ್ಟರೆ ಸುಳ್ಳು ಹೇಳುತ್ತದೆ. ಗೋಡೆಗೆ ಅಂಟಿಸಿದ ಟೇಪಿನ ಸೊನ್ನೆ ನೆಲಕ್ಕೇ ತಾಗಿರಬೇಕು. ನೆಲದಿಂದ ನಾಲ್ಕು ಬೆರಳು ಮೇಲೆ ಅಂಟಿಸಿದರೆ ಇಡೀ ಶಾಲೆಯೇ ಕುಳ್ಳಾಗುತ್ತದೆ.

ಕಣ್ಣಿಗೆ ವರಾಂಡದಲ್ಲಿ 6 ಮೀಟರ್ ಅಳೆದು ಪೇಂಟಿನಲ್ಲಿ ಗೆರೆ ಎಳೆದಿದ್ದೇವೆ. ಚಾರ್ಟು ಮಗುವಿನ ಕಣ್ಣಿನ ಮಟ್ಟಕ್ಕೆ, ಬೆಳಕು ಚಾರ್ಟಿನ ಮೇಲೆ ಬೀಳುವಂತೆ, ಮಗುವಿನ ಕಣ್ಣಿಗೆ ಹೊಡೆಯದಂತೆ. ನಾಲ್ಕು ದಿಕ್ಕಿಗೆ ತಿರುಗಿದ ‘ಇ’ ಅಕ್ಷರದ ಚಾರ್ಟು ಒಳ್ಳೆಯದು, ಓದು ಬಾರದ ಮಗುವೂ ಕೈಬೆರಳಲ್ಲಿ ದಿಕ್ಕು ತೋರಿಸುತ್ತದೆ. ಒಂದೊಂದೇ ಕಣ್ಣು. ಅಂಗೈ ಕುಳಿ ಮಾಡಿ ಮುಚ್ಚಬೇಕು, ಬೆರಳಲ್ಲಿ ಒತ್ತಿದರೆ ಕೈ ತೆಗೆದ ಮೇಲೆ ಆ ಕಣ್ಣೂ ಮಸುಕಾಗುತ್ತದೆ, ಬೆರಳ ಸಂದಿಯಿಂದ ಇಣುಕುವವರೂ ಇದ್ದಾರೆ. ಸಾಲಿನಲ್ಲಿ ನಿಂತವರು ಮುಂದಿನವರ ಉತ್ತರ ಬಾಯಿಪಾಠ ಮಾಡುತ್ತಾರೆ. ಅದಕ್ಕೆ ಐದೈದು ಮಕ್ಕಳಿಗೊಮ್ಮೆ ಚಾರ್ಟು ತಲೆಕೆಳಗು ಮಾಡುತ್ತೇವೆ. ಚಾರ್ಟಿನಲ್ಲಿ 6/9 ಅಂತ ಗುರುತಿರುವ ಸಾಲು ಯಾವುದೇ ಒಂದು ಕಣ್ಣಿಗೆ ಕಾಣದಿದ್ದರೆ ಹೆಸರು ಪಟ್ಟಿಗೆ. ಕನ್ನಡಕ ಬಂದ ಮೇಲೆ ಒಂದು ತಿಂಗಳು ಬಿಟ್ಟು ಮೂಗಿನ ಮೇಲಿದೆಯೋ ಚೀಲದಲ್ಲಿದೆಯೋ ನೋಡಬೇಕು. ಬಹಳ ಸಲ ಚೀಲದಲ್ಲೇ ಇರುತ್ತದೆ, ಒಂದೋ ಕಿವಿ ಹಿಂದೆ ಒತ್ತುತ್ತದೆ, ಇಲ್ಲ ಯಾರೋ ರೇಗಿಸಿರುತ್ತಾರೆ.

ತಂಡ ಬಂದ ದಿನ ಗೈರಾದ ಮಕ್ಕಳ ಪಟ್ಟಿಯನ್ನು ಅವತ್ತೇ ಸಂಜೆ ಬರೆಯಿರಿ. ಪದೇ ಪದೇ ಗೈರಾಗುವ ಮಗುವೇ ಕಾಯಿಲೆಯ ಮಗುವಾಗಿರುವ ಸಂಭವ ಹೆಚ್ಚು, ತಪಾಸಣೆಯಿಂದ ತಪ್ಪಿಹೋಗುವುದೂ ಅದೇ. ತಂಡದವರಿಂದ ಮುಂದಿನ ಯಾವ ಶಾಲೆಗೆ ಯಾವತ್ತು ಹೋಗುತ್ತಾರೆ ಕೇಳಿ, ಪಕ್ಕದೂರಿನ ಶಾಲೆಗೆ ಆ ಮಕ್ಕಳನ್ನು ಕಳಿಸುತ್ತೇವೆ.

ಮಾತ್ರೆಗಳ ಕೆಲಸ ಕಡಿಮೆ ಖರ್ಚಿನದು, ಆದರೆ ಕೆಡುವುದು ಸುಲಭ. ಐದನೇ ತರಗತಿವರೆಗೆ ಗುಲಾಬಿ ಬಣ್ಣದ್ದು, 45 ಮಿ.ಗ್ರಾಂ ಕಬ್ಬಿಣಾಂಶ. ಆರರಿಂದ ನೀಲಿ, 60 ಮಿ.ಗ್ರಾಂ. ವಾರಕ್ಕೊಂದು, ಬಿಸಿಯೂಟ ಆದ ಮೇಲೆ. ಖಾಲಿ ಹೊಟ್ಟೆಗೆ ಕೊಟ್ಟರೆ ಹೊಟ್ಟೆ ತೊಳೆಸುತ್ತದೆ. ಬೆಳಿಗ್ಗೆ ಕ್ಷೀರಭಾಗ್ಯದ ಹಾಲಿನ ಜೊತೆ ಕೊಟ್ಟರೆ ಹಾಲಿನ ಸುಣ್ಣದಂಶ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಮಲ ಕಪ್ಪಗಾಗುತ್ತದೆ ಅಂತ ಮನೆಯವರಿಗೆ ಮೊದಲೇ ಹೇಳದಿದ್ದರೆ ಎರಡನೇ ವಾರಕ್ಕೆ ಅರ್ಧ ಮಕ್ಕಳು ‘ಅಮ್ಮ ಬೇಡ ಅಂದ್ರು’ ಅನ್ನುತ್ತಾರೆ. ಡಬ್ಬಿಯನ್ನು ಅಡುಗೆಕೋಣೆಯಲ್ಲಿ ಇಡಬೇಡಿ, ಹಬೆಗೆ ಮಾತ್ರೆ ಬೆವೆತು ಅಂಟುತ್ತದೆ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುಹುಳು ಮಾತ್ರೆ 400 ಮಿ.ಗ್ರಾಂ, ಅಗಿದು ನುಂಗಬೇಕು. ಜ್ವರ ಇರುವ ಮಗುವಿಗೆ ಅವತ್ತು ಬೇಡ, ತಪ್ಪಿಹೋದವರಿಗಾಗಿ ಆಮೇಲೆ ಇಡುವ ದಿನದಲ್ಲಿ ಕೊಡಬಹುದು. ಹುಳು ಜಾಸ್ತಿ ಇದ್ದ ಮಗುವಿಗೆ ಹೊಟ್ಟೆನೋವು, ವಾಂತಿ ಬರಬಹುದು. ನೆರಳಲ್ಲಿ ಮಲಗಿಸಿ ನೀರು ಕೊಟ್ಟರೆ ಸಾಮಾನ್ಯವಾಗಿ ಇಳಿಯುತ್ತದೆ, ಇಳಿಯದಿದ್ದರೆ 108. ಪೆಟ್ಟಿಗೆಯಲ್ಲಿರುವ ಓಆರ್‌ಎಸ್ ಪೊಟ್ಟಣ ಒಂದು ಲೀಟರಿನದು. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಹಾಕುವ ಅಭ್ಯಾಸ ಅಪಾಯ, ಉಪ್ಪು ವಿಪರೀತವಾಗುತ್ತದೆ. ಪೆಟ್ಟಿಗೆ ಪಕ್ಕದಲ್ಲೇ ಲೀಟರ್ ಬಾಟಲಿ ಇಟ್ಟರೆ ಈ ತಪ್ಪು ನಿಲ್ಲುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು 200 ಪುಟದ ಒಂದು ನೋಟ್‌ಬುಕ್ಕು. ಚೀಟಿ ಸಿಕ್ಕ ಪ್ರತಿ ಮಗುವಿಗೆ ಒಂದು ಸಾಲು: ಹೆಸರು, ಚೀಟಿ ದಿನಾಂಕ, ಎಲ್ಲಿಗೆ ಕಳಿಸಿದ್ದು, ಹೋದ ದಿನಾಂಕ, ಅವರು ಏನಂದರು, ಮುಂದಿನ ದಿನಾಂಕ, ಮುಗಿಯಿತೇ. ಕಾಯಿಲೆಯ ಹೆಸರು ಇದರಲ್ಲಿಲ್ಲ, ಅದು ಬೀರುವಿನಲ್ಲಿರುವ ಚೀಟಿಯಲ್ಲಿದೆ. ಮಗು ಹೊರಡುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ ಆ ತಜ್ಞರು ಯಾವ ವಾರ ಕೂರುತ್ತಾರೆ ಕೇಳಬೇಕು. ಕಿವಿ ಡಾಕ್ಟರಿಲ್ಲದ ದಿನ ಹೋಗಿ ಬಂದ ತಾಯಿ ಎರಡನೇ ಸಲ ಹೊರಡುವುದಿಲ್ಲ. ದೊಡ್ಡ ಚಿಕಿತ್ಸೆ ಬೇಕಾದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಅಲ್ಲಿ ಸಿಕ್ಕಿಹಾಕಿಕೊಳ್ಳುವುದು ಕಾಗದದಲ್ಲಿ: ಮಗುವಿನ ಹೆಸರು ರೇಷನ್ ಕಾರ್ಡಿಗೆ ಸೇರಿಸಿಲ್ಲ, ಅಥವಾ ಆಧಾರಿನಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು. ಜೂನ್ ತಿಂಗಳ ದಾಖಲಾತಿ ಸಮಯದಲ್ಲೇ ಎರಡೂ ಕಾರ್ಡು ತರಿಸಿ ತಾಳೆ ನೋಡಿದರೆ ಆಸ್ಪತ್ರೆ ಕೌಂಟರಿನಿಂದ ವಾಪಸ್ ಬರುವುದು ತಪ್ಪುತ್ತದೆ.

ತಿಂಗಳ ಮೊದಲ ಶನಿವಾರ ‘ಮುಗಿಯಿತೇ’ ಕಾಲಂ ಖಾಲಿ ಇರುವ ಸಾಲುಗಳನ್ನು ಆಶಾ ಕಾರ್ಯಕರ್ತೆಯ ಜೊತೆ ಕೂತು ಓದುತ್ತೇವೆ. ಏಳನೇ ತರಗತಿ ಮುಗಿಸಿ ಹೋಗುವ ಮಗುವಿನ ಸಾಲು ಆಗಲೂ ಖಾಲಿ ಇದ್ದರೆ, ಆ ಪುಟದಿಂದ ಅದೊಂದೇ ಸಾಲನ್ನು ಬೇರೆ ಹಾಳೆಗೆ ಬರೆದು, ಲಕೋಟೆಯಲ್ಲಿ ಅಂಟಿಸಿ, ವರ್ಗಾವಣೆ ಪತ್ರದ ಜೊತೆ ಪಿನ್ ಮಾಡಿ ಕೊಡುತ್ತೇವೆ. ಹೊಸ ಶಾಲೆಗೆ ಒಂದು ವಾರ ಬಿಟ್ಟು ಫೋನ್ ಮಾಡಿ, ಲಕೋಟೆ ಒಡೆದಿರಾ ಅಂತ ಕೇಳುತ್ತೇವೆ.