ಸೌದೆಯಿಂದ ಕರೆಂಟು ಮಾಡುವುದು ಹೇಗೆ?

ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಷ್ಟು ಹಿಂದೆಯೇ ಸೌದೆಯ ಗ್ಯಾಸಿನಿಂದ ಎಂಜಿನ್ ಓಡಿಸಿ ಕರೆಂಟು ಮಾಡಿದ್ದರು. ಅಲ್ಲಿಟ್ಟ ಗ್ಯಾಸಿಫೈಯರ್, ಅಂದರೆ ಸೌದೆಯನ್ನು ಗ್ಯಾಸ್ ಮಾಡುವ ಒಲೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ಅದು ಕೆಲಸ ಮಾಡುವ ಬಗೆ ಹೀಗಿದೆ.

ಮೊದಲು ಸೌದೆಯನ್ನು ಸಣ್ಣ ತುಂಡು ಮಾಡಿ ಚೆನ್ನಾಗಿ ಒಣಗಿಸಬೇಕು. ತೆಂಗಿನ ಚಿಪ್ಪೂ ಆಗುತ್ತದೆ. ತೇವ ಶೇ 15ರ ಒಳಗಿರಲಿ. ಹಸಿ ಸೌದೆ ಹಾಕಿದರೆ ನೀರು ಆರಿಸುವುದಕ್ಕೇ ಬೆಂಕಿಯ ಕಾವು ಹೋಗುತ್ತದೆ. ಮುಂದಿನ ತೊಂದರೆಗಳೆಲ್ಲ ಇಲ್ಲಿಂದಲೇ ಶುರು.

ಆಮೇಲೆ ಒಲೆಯ ತಳಕ್ಕೆ ಇದ್ದಿಲು, ಅದರ ಮೇಲೆ ಸೌದೆ ತುಂಬಿ ಬೆಂಕಿ ಕೊಡುತ್ತಾರೆ. ಪೂರ್ತಿ ಉರಿಯಲು ಬೇಕಾದ ಗಾಳಿಯಲ್ಲಿ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಬಿಡುವುದಿಲ್ಲ. ಆಗ ಸೌದೆ ಬೂದಿಯಾಗುವ ಬದಲು ಗ್ಯಾಸ್ ಆಗುತ್ತದೆ. ಅದರಲ್ಲಿ ಉರಿಯುವಂಥದ್ದು ಮುಖ್ಯವಾಗಿ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್, ತಲಾ ಶೇ 20ರ ಆಸುಪಾಸು. ಸುಮಾರು ಅರ್ಧದಷ್ಟು ಸುಮ್ನೆ ನೈಟ್ರೋಜನ್.

ಗ್ಯಾಸಿನ ಜೊತೆ ಟಾರು ಕೂಡ ಬರುತ್ತದೆ. ತಣ್ಣಗಾದರೆ ಅಂಟಂಟಾಗಿ ಎಂಜಿನ್ನಿನ ವಾಲ್ವಿಗೆ ಮೆತ್ತಿಕೊಳ್ಳುತ್ತದೆ. ಸಂಶೋಧಕರು ಹೆಚ್ಚು ತಲೆ ಕೆಡಿಸಿಕೊಂಡಿದ್ದು ಇದಕ್ಕೇ. ಅದೇ ಸಂಸ್ಥೆಯ ಪ್ರೊ. ಎಚ್.ಎಸ್. ಮುಕುಂದ ಮತ್ತು ಜೊತೆಗಾರರು ಒಲೆಯ ಬಾಯಿಯನ್ನು ತೆರೆದೇ ಇಟ್ಟು, ಮೇಲಿನಿಂದಲೂ ಪಕ್ಕದ ಕೊಳವೆಗಳಿಂದಲೂ ಗಾಳಿ ಬಿಟ್ಟರು. ಇದರಿಂದ ಕಾವು ಒಂದೇ ಕಡೆ ನಿಲ್ಲದೆ ಹರಡುತ್ತದೆ. ಗ್ಯಾಸ್ ನಿಗಿನಿಗಿ ಕೆಂಡದ ನಡುವೆ ಹೆಚ್ಚು ಹೊತ್ತು ಇಳಿಯುತ್ತದೆ, ಟಾರು ಅಲ್ಲೇ ಒಡೆದುಹೋಗುತ್ತದೆ. ನನ್ನ ಮಟ್ಟಿಗೆ ಇಡೀ ಯಂತ್ರದ ಜಾಣತನ ಇರುವುದು ಇಲ್ಲೇ.

ಬರೀ ಶಾಖ ಬೇಕಿದ್ದರೆ, ಉದಾಹರಣೆಗೆ ಅಡಿಕೆ ಒಣಗಿಸಲು, ಬಿಸಿ ಗ್ಯಾಸನ್ನು ನೇರ ಬರ್ನರ್‌ಗೆ ಬಿಡಬಹುದು. ಎಂಜಿನ್ನಿಗಾದರೆ ದೂಳು ತೆಗೆದು, ನೀರು ಚಿಮುಕಿಸಿ ತಣಿಸಿ, ಸೋಸಲೇಬೇಕು. ತೊಳೆದ ನೀರಿನಲ್ಲಿ ಟಾರಿನ ಅಂಶ ಇರುತ್ತದೆ. ಅದನ್ನು ಶುದ್ಧ ಮಾಡದೆ ಚರಂಡಿಗೋ ಹೊಲಕ್ಕೋ ಬಿಡಬಾರದು.

ಡೀಸೆಲ್ ಎಂಜಿನ್ನಿಗೆ ಈ ಗ್ಯಾಸನ್ನು ಗಾಳಿಯ ಜೊತೆ ಕೊಡುತ್ತಾರೆ. ಗ್ಯಾಸ್ ಹೊತ್ತಿಕೊಳ್ಳಲು ಸ್ವಲ್ಪ ಡೀಸೆಲ್ ಬೇಕೇ ಬೇಕು. ಬರೀ ಗ್ಯಾಸಿನಲ್ಲೇ ಓಡಬೇಕಾದರೆ ಸ್ಪಾರ್ಕ್ ಪ್ಲಗ್ ಇರುವ ಎಂಜಿನ್ ಬೇಕು. ಒಂದು ಯೂನಿಟ್ ಕರೆಂಟಿಗೆ ಒಂದು ಕಿಲೋಗಿಂತ ತುಸು ಜಾಸ್ತಿ ಒಣ ಸೌದೆ ಹಿಡಿಯುತ್ತದೆ.

ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಆದರೆ ಜೀವ ತೆಗೆಯುವ ವಿಷ. ಯಂತ್ರವನ್ನು ಗಾಳಿಯಾಡುವ ಶೆಡ್ಡಿನಲ್ಲೇ ಇಡಿ. ಸೋರಿಕೆ ತಿಳಿಸುವ ಅಲಾರಂ ಇಲ್ಲದೆ ಬೆಂಕಿ ಹೊತ್ತಿಸಬೇಡಿ.