ಸಾಹೇಬರು ಎಕ್ಸ್‌ನಲ್ಲಿ ಬೈದುಬಿಟ್ಟರು, ಈಗ ಕ್ಷಮೆ ಬರೆಯುವುದು ಹೇಗೆ?

ಭಾನುವಾರ ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ನನಗೆ ವಿಷಯ ಮೊದಲೇ ತಿಳಿದುಹೋಗುತ್ತದೆ. ಯಾವುದೋ ಕಂಪನಿಯ ದೊಡ್ಡವರು ಯಾರಿಗೋ ಬೈದಿದ್ದಾರೆ. "ನಾಲ್ಕು ಸಾಲು ಬರೆದುಕೊಡಿ ಸಾರ್, ಅರ್ಜೆಂಟು." ಕಂಪನಿಗಳಿಗೆ ಹೇಳಿಕೆ ಬರೆದುಕೊಡುವುದೇ ನನ್ನ ಹೊಟ್ಟೆಪಾಡು. ಹೀಗೆ ಬರೆದುಕೊಟ್ಟ ಸಾಲುಗಳನ್ನು ಅವರು ತಿದ್ದಿ ತಿದ್ದಿ ಹಾಳು ಮಾಡುವುದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಹೆಜ್ಜೆ 1: ಫೋನ್ ಕಿತ್ತುಕೊಳ್ಳಿ. ಪಾಸ್‌ವರ್ಡ್ ಕೂಡ.

ಹೆಜ್ಜೆ 2: ಬೈದ ಪೋಸ್ಟ್ ತೆಗೆಯಿರಿ, ತೆಗೆದಿದ್ದೇವೆ ಎಂದೂ ಹೇಳಿ. ಸುಮ್ನೆ ಅಳಿಸಿ ಕೂತರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡವರಿಗೆ ಇನ್ನೊಂದು ಹಬ್ಬ. ಮೊದಲೇ ಟೈಮ್ ಹಾಕಿಟ್ಟ ಜಾಹೀರಾತು ಪೋಸ್ಟ್‌ಗಳಿದ್ದರೆ ಅವನ್ನೂ ನಿಲ್ಲಿಸಿ. ಊರೆಲ್ಲ ಉಗಿಯುತ್ತಿರುವಾಗ "ನಿಮ್ಮ ಪ್ರೀತಿಯೇ ನಮ್ಮ ಶಕ್ತಿ" ಎಂಬ ಪೋಸ್ಟರ್ ತಾನಾಗಿಯೇ ಬಿದ್ದದ್ದನ್ನು ಕಣ್ಣಾರೆ ನೋಡಿದ್ದೇನೆ.

ಹೆಜ್ಜೆ 3: ಬೈಗುಳ ಪಕ್ಕಕ್ಕಿಟ್ಟು, ಎದುರಿನವರು ಕೇಳಿದ್ದೇನು ಎಂದು ಓದಿ. ಬೆಂಗಳೂರಿನದೇ ಉದಾಹರಣೆ ಇದೆ. 2024ರ ಅಕ್ಟೋಬರ್ 6ರಂದು ಹಾಸ್ಯಗಾರ ಕುನಾಲ್ ಕಾಮ್ರಾ ಓಲಾ ಎಲೆಕ್ಟ್ರಿಕ್ ಸ್ಕೂಟರುಗಳು ಸಾಲಾಗಿ ದೂಳು ಹಿಡಿದು ನಿಂತಿದ್ದ ಫೋಟೊ ಹಾಕಿದರು. ಕಂಪನಿಯ ಮುಖ್ಯಸ್ಥ ಭವಿಶ್ ಅಗರ್ವಾಲ್, ಇದು ದುಡ್ಡು ತಗೊಂಡು ಮಾಡಿದ ಟ್ವೀಟ್ ಎಂದರು. ನಿಮ್ಮ ಸೋತ ಕಾಮಿಡಿಯಲ್ಲಿ ಸಿಗುವುದಕ್ಕಿಂತ ಜಾಸ್ತಿ ಕೊಡುತ್ತೇನೆ, ಬಂದು ಕೆಲಸ ಮಾಡಿ, ಇಲ್ಲದಿದ್ದರೆ ಸುಮ್ಮನೆ ಕೂರಿ ಎಂದೂ ಸೇರಿಸಿದರು. ಮರುದಿನ ಸೋಮವಾರ ಷೇರು ಸುಮಾರು ಶೇ 8ರಷ್ಟು ಇಳಿಯಿತು. ಪೂರ್ತಿ ಬೈಗುಳದ್ದೇ ಕೆಲಸ ಎನ್ನಲಾರೆ, ಅಂದು ಮಾರುಕಟ್ಟೆಯೇ ಬಿದ್ದಿತ್ತು. ಆದರೆ ಅದೇ ದಿನ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ ನೋಟಿಸೂ ಬಂತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಒಂದು ವರ್ಷದಲ್ಲಿ 10 ಸಾವಿರಕ್ಕೂ ಹೆಚ್ಚು ದೂರು ಹೋಗಿದ್ದವು. ಅದಕ್ಕೂ ತಿಂಗಳ ಹಿಂದೆ ಕಲಬುರಗಿಯಲ್ಲಿ ರಿಪೇರಿಗೆ ಅಲೆದು ಬೇಸತ್ತ ಗ್ರಾಹಕನೊಬ್ಬ ಷೋರೂಮಿಗೇ ಬೆಂಕಿ ಇಟ್ಟಿದ್ದ. ಅಂದರೆ ಫೋಟೊದಲ್ಲಿದ್ದದ್ದು ಸರ್ವಿಸ್ ಸೆಂಟರಿನ ಪ್ರಶ್ನೆ. ಉತ್ತರ ಹೋದದ್ದು ಕಾಮಿಡಿಯ ಬಗ್ಗೆ.

ಹೆಜ್ಜೆ 4: ಬೈಸಿಕೊಂಡವರ ಜೊತೆ ನೇರವಾಗಿ ಮಾತಾಡಿ. ಕ್ಷಮೆ ಹಾಕುವುದಕ್ಕೆ ಮೊದಲು, ಆಮೇಲಲ್ಲ. 2023ರ ಮಾರ್ಚ್‌ನಲ್ಲಿ ಐಸ್‌ಲ್ಯಾಂಡಿನ ಹರಾಲ್ಡುರ್ ಥೋರ್ಲೀಫ್ಸನ್ ಎಂಬ ಟ್ವಿಟರ್ ಉದ್ಯೋಗಿ, ತನಗೆ ಕೆಲಸ ಇದೆಯೋ ಹೋಯಿತೋ ಎಂದು ಇಲಾನ್ ಮಸ್ಕ್ ಅವರನ್ನು ಟ್ವಿಟರ್‌ನಲ್ಲೇ ಕೇಳಿದರು. ಸ್ನಾಯು ಕ್ಷಯಿಸುವ ಕಾಯಿಲೆಯಿಂದ ಗಾಲಿಕುರ್ಚಿಯಲ್ಲಿರುವವರು ಅವರು. ಈತ ಕೆಲಸವೇ ಮಾಡಿಲ್ಲ, ಅಂಗವೈಕಲ್ಯವನ್ನು ನೆಪ ಮಾಡಿಕೊಂಡಿದ್ದಾನೆ ಎಂದು ಮಸ್ಕ್ ಬರೆದರು. ಆಮೇಲೆ ವಿಡಿಯೊ ಕಾಲ್‌ನಲ್ಲಿ ಮಾತಾಡಿದರು, ನನಗೆ ಸುಳ್ಳು ಮಾಹಿತಿ ಕೊಟ್ಟಿದ್ದರು ಎಂದು ಕ್ಷಮೆ ಕೇಳಿದರು. ಒಂದು ಕಾಲ್ ಸಾಕಾಯಿತು ನೋಡಿ.

ಹೆಜ್ಜೆ 5: ಬರೆಯುವುದು. ನೂರಕ್ಕೆ ತೊಂಬತ್ತು ಜನ ಮುಗ್ಗರಿಸುವುದು ಇಲ್ಲೇ. ಮುಗ್ಗರಿಸುವುದೂ ಒಂದೇ ಪ್ರತ್ಯಯದ ಮೇಲೆ: "-ದರೆ".

2024ರ ಜುಲೈನಲ್ಲಿ ಕರ್ನಾಟಕ ಸಂಪುಟ ಸ್ಥಳೀಯರ ಉದ್ಯೋಗ ಮಸೂದೆಗೆ ಒಪ್ಪಿಗೆ ಕೊಟ್ಟಿತ್ತು. ಸ್ಥಳೀಯರಿಗೆ ವ್ಯವಸ್ಥಾಪಕ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಮೀಸಲು. ಫೋನ್‌ಪೇ ಕಂಪನಿಯ ಮುಖ್ಯಸ್ಥ ಸಮೀರ್ ನಿಗಮ್, ನನ್ನ ಮಕ್ಕಳಿಗೆ ಅವರ ಊರಲ್ಲೇ ಕೆಲಸ ಬೇಡವೇ ಎಂದು ಕೇಳಿ, ಕೊನೆಗೆ "ನಾಚಿಕೆಗೇಡು" ಎಂಬರ್ಥದ ಒಂದು ಪದ ಸೇರಿಸಿದರು. ಮೊದಲಿನ ಮಾತು ವಾದ. ಕೊನೆಯ ಪದ ಬೆಂಕಿ. ಫೋನ್‌ಪೇ ತೆಗೆದುಹಾಕಿ ಎಂಬ ಅಭಿಯಾನ ಶುರುವಾಯಿತು. ಕೆಲವೇ ದಿನದಲ್ಲಿ ಕ್ಷಮೆ ಬಂತು. ಕರ್ನಾಟಕವನ್ನು ಅವಮಾನಿಸುವ ಉದ್ದೇಶ ಇರಲಿಲ್ಲ, ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ ಬೇಷರತ್ ಕ್ಷಮೆ ಕೇಳುತ್ತೇನೆ ಎಂಬುದು ಅದರ ತಿರುಳು. ಅವರ ಮನಸ್ಸಿನ ಬಗ್ಗೆ ನನಗೆ ತಕರಾರಿಲ್ಲ. ತಕರಾರು ವಾಕ್ಯದ ಬಗ್ಗೆ. ಬೇಷರತ್ ಕ್ಷಮೆಯ ಬಾಗಿಲಲ್ಲೇ ಒಂದು ಷರತ್ತು ಕೂತಿದೆ, ಅಲ್ವಾ? ನೋವಾಗಿದೆ ಎಂದು ಊರಿಗೆಲ್ಲ ಗೊತ್ತಾದ ಮೇಲೂ "ಆಗಿದ್ದರೆ" ಎಂದರೆ, ಓದಿದವರಿಗೆ ನೋವಿನ ಬಗ್ಗೆಯೇ ಅನುಮಾನ ಪಟ್ಟಂತೆ ಕೇಳುತ್ತದೆ.

ಹಾಗಾಗಿ ಕರಡು ಬರೆದ ಮೇಲೆ ಕೆಂಪು ಪೆನ್ ತಗೊಳ್ಳಿ. "-ದರೆ" ಸಿಕ್ಕಲ್ಲೆಲ್ಲ ಹೊಡೆದುಹಾಕಿ. "ಆದರೆ" ಬಂದರೆ ಆ ವಾಕ್ಯ ಪೂರ್ತಿ ಹೋಗಲಿ. "ಹೇಳಲಾಗಿದೆ" ಬೇಡ, "ಹೇಳಿದೆ" ಎನ್ನಿ. "ವಿಷಾದಿಸುತ್ತೇನೆ" ಅಂತೂ ಖಂಡಿತ ಬೇಡ. ಮದುವೆ ದಿನ ಮಳೆ ಬಂದರೂ ವಿಷಾದಿಸಬಹುದು, ಅದರಲ್ಲಿ ನಿಮ್ಮ ತಪ್ಪೇನೂ ಇರುವುದಿಲ್ಲ. ವಕೀಲರಿಗೆ ಈ ಪದ ಇಷ್ಟವಾಗುವುದೂ ಅದಕ್ಕೇ. "ತಪ್ಪಾಯ್ತು" ಎಂಬ ಒಳ್ಳೆ ಪದ ನಮ್ಮಲ್ಲಿದೆ, ಬಳಸಿ.

ಹೀಗಿರಲಿ: "ನಿನ್ನೆ ನಾನು ಅವರ ದುಡಿಮೆಯನ್ನು ಹೀಯಾಳಿಸಿದೆ. ತಪ್ಪಾಯ್ತು. ಅವರು ಕೇಳಿದ್ದು ರಿಪೇರಿ ತಡವಾಗುತ್ತಿರುವ ಬಗ್ಗೆ. ಅದಕ್ಕೆ ಉತ್ತರ ಶುಕ್ರವಾರ ಕೊಡುತ್ತೇನೆ." ಬೈದದ್ದು ಯಾರು, ಏನೆಂದು, ಬಾಕಿ ಏನು, ಎಲ್ಲ ಇದೆ. ಐದನೇ ವಾಕ್ಯ ಬೇಡ. ಕಂಪನಿ ಎಷ್ಟು ಜನರಿಗೆ ಕೆಲಸ ಕೊಟ್ಟಿದೆ ಎಂಬ ಲೆಕ್ಕ ಇಲ್ಲಿ ತರಬೇಡಿ.

ಕನ್ನಡಿಗರಿಗೆ ಕ್ಷಮೆ ಕೇಳುವಾಗ ಇಂಗ್ಲಿಷ್ ಕರಡನ್ನು ಅನುವಾದದ ಆ್ಯಪ್‌ಗೆ ಹಾಕಿ ತೆಗೆಯುವವರಿದ್ದಾರೆ. ಬೇಡ ಮಾರಾಯ್ರೇ. ಆಫೀಸಿನಲ್ಲಿ ಕನ್ನಡ ಬರೆಯಬಲ್ಲ ಒಬ್ಬರೂ ಇಲ್ಲದಿದ್ದರೆ ಜನ ಸಿಟ್ಟಾಗಿದ್ದು ಯಾಕೆ ಎಂದು ಅಲ್ಲಿಯೇ ಗೊತ್ತಾಯಿತು. ಎಐ ಬರೆದ ಕ್ಷಮೆಯೂ ಅಷ್ಟೇ, ಎಲ್ಲವೂ ಒಂದೇ ಹಿಟ್ಟಿನ ದೋಸೆ. ವಿಡಿಯೊ ಮಾಡಬೇಡಿ, ಕಣ್ಣೀರು ಬಂದರೂ ಬರದಿದ್ದರೂ ನಗುತ್ತಾರೆ. ಹೊಗಳುವ ಖಾತೆಗಳನ್ನು ದುಡ್ಡಿಗೆ ಕೊಡುವವರು ಅಂದೇ ಫೋನ್ ಮಾಡುತ್ತಾರೆ. ಎತ್ತಬೇಡಿ.

ಹೆಜ್ಜೆ 6: ಸುಮ್ಮನಿರುವುದು. 2018ರಲ್ಲಿ ಥಾಯ್ಲೆಂಡಿನ ನೀರು ತುಂಬಿದ ಗುಹೆಯಲ್ಲಿ ಸಿಕ್ಕಿಬಿದ್ದಿದ್ದ 12 ಹುಡುಗರು ಮತ್ತು ಅವರ ಫುಟ್‌ಬಾಲ್ ಕೋಚ್ ಹೊರಬಂದರು. ಮಸ್ಕ್ ಕಳಿಸಿದ್ದ ಪುಟ್ಟ ಜಲಾಂತರ್ಗಾಮಿ ಬರೀ ಪ್ರಚಾರ ಎಂದು ರಕ್ಷಣೆಗೆ ನೆರವಾಗಿದ್ದ ವರ್ನನ್ ಅನ್ಸ್‌ವರ್ತ್ ಟೀಕಿಸಿದರು. ಅದಕ್ಕೆ ಮಸ್ಕ್, ಅನ್ಸ್‌ವರ್ತ್ ಅವರನ್ನು ಶಿಶುಕಾಮಿ ಎಂದು ಬೈದು, ಕೆಲವೇ ದಿನದಲ್ಲಿ ತಪ್ಪು ನನ್ನದೇ, ನನ್ನೊಬ್ಬನದೇ ಎಂದು ಕ್ಷಮೆ ಕೇಳಿದರು. ಒಳ್ಳೆಯ ಕ್ಷಮೆ, ನಾನೂ ಅಷ್ಟು ಚೆನ್ನಾಗಿ ಬರೆಯುತ್ತಿರಲಿಲ್ಲ. ಆಗಸ್ಟ್ ಕೊನೆಗೆ ಮತ್ತೆ ಶುರು: ಆತ ಇನ್ನೂ ಯಾಕೆ ಕೇಸ್ ಹಾಕಿಲ್ಲ, ವಿಚಿತ್ರ ಅನಿಸುವುದಿಲ್ಲವೇ? ಸೆಪ್ಟೆಂಬರಿನಲ್ಲಿ ಕೇಸ್ ಬಿತ್ತು. 2019ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸ್‌ನ ಜ್ಯೂರಿ ಮಸ್ಕ್ ಪರ ತೀರ್ಪು ಕೊಟ್ಟಿತು. ಗೆದ್ದರು, ನಿಜ. ಅಷ್ಟರಲ್ಲಿ ಆ ಬೈಗುಳ ಒಂದು ವರ್ಷಕ್ಕೂ ಜಾಸ್ತಿ ಸುದ್ದಿಯಲ್ಲಿತ್ತು, ಸಾಕ್ಷಿ ಕಟಕಟೆಯಲ್ಲಿ ಅದಕ್ಕೆ ಅರ್ಥವನ್ನೂ ವಿವರಿಸಬೇಕಾಯಿತು.

ಫೋನ್ ಯಾವಾಗ ವಾಪಸ್ ಕೊಡಬೇಕು ಎಂದು ಎಲ್ಲರೂ ಕೇಳುತ್ತಾರೆ. ಮಸ್ಕ್ ಮತ್ತೆ ಶುರು ಮಾಡಿದ್ದು ಆರನೇ ವಾರಕ್ಕೆ. ಹಾಗಾಗಿ ನಾನು ಎಂಟು ವಾರ ಅನ್ನುತ್ತೇನೆ.